ಸೀರೆಯ ಘಳಗಿಯೊಳಗೆ ಹೋದ ರಷ್ಯದ ಹಾಳೆಗಳು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಪೆನ್ನು ಮುಚ್ಚಿಟ್ಟು ಎದ್ದಿದ್ದೇನೆ. ಹೆಂಡತಿಗೂ ಹೇಳಲಿಲ್ಲ. ಹೈಸ್ಕೂಲಿಗೇ ಓದು ಬಿಟ್ಟವನು, ನನಗೆಲ್ಲಿಯ ಬರವಣಿಗೆ ಎಂದು ನೆಪ ಹೇಳಿಕೊಂಡೆ. ಎಪ್ಪತ್ತು ದಾಟಿದ ಮೇಲೆ ಆ ನೆಪವೂ ಸವೆದುಹೋಗಿದೆ.

ಆಗೆಲ್ಲ ಇಳಕಲ್ಲಿನ ನಮ್ಮ ಓಣಿಗೆ ಬೆಳಗಾಗುತ್ತಿದ್ದುದೇ ಮಗ್ಗದ ಸಪ್ಪಳದಿಂದ. ಗಂಜಿ ಹಚ್ಚಿದ ನೂಲಿನ ಹುಳಿವಾಸನೆ, ಬಣ್ಣದ ಹಂಡೆಯ ಹಬೆ, ಮನೆಮನೆಯಲ್ಲೂ ರೊಟ್ಟಿ ಬಡಿಯುವ ಸದ್ದು. ಒಂದು ಮನೆಯಿಂದ ಮಾತ್ರ ಬೇರೆ ಸದ್ದು ಬರುತ್ತಿತ್ತು. ಭಜನೆಯವರ ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡುವ ಪೇಟಿ ಚಾಚಾನ ಮನೆ ಅದು. ಊರಿಗೆ ಬಂದು ಮುಚ್ಚಿಹೋದ ನಾಟಕ ಕಂಪನಿಯೊಂದು ಬಿಟ್ಟುಹೋದ ಪಿಯಾನೊವನ್ನು ಚಾಚಾ ಚಕ್ಕಡಿಯಲ್ಲಿ ಹೇರಿಕೊಂಡು ಬಂದಿದ್ದರು. ಹರೆಯದಲ್ಲಿ ಪುಣೆಯ ವಾದ್ಯದ ಅಂಗಡಿಯಲ್ಲಿ ದುಡಿದಿದ್ದ ಅವರಿಗೆ ಐದು ಗೆರೆಗಳ ಮೇಲೆ ಬರೆದ ಸ್ವರ ಓದಲು ಬರುತ್ತಿತ್ತು.

ಆ ಬೇಸಿಗೆ ಹುನಗುಂದಕ್ಕೆ ರಷ್ಯದ ಪುಸ್ತಕ ಮಾರುವ ಮೋಟಾರು ಬಂತು. ನಮಗೆಲ್ಲ ಅದರ ನುಣುಪು ಮಾಸಪತ್ರಿಕೆಗಳು ಬೇಕು, ನೋಟುಬುಕ್ಕಿಗೆ ರಟ್ಟು ಹಾಕಲು. ಚಾಚಾಗೆ ಮೂಲೆಯಲ್ಲಿ ಬಿದ್ದ, ಹೊಲಿಗೆ ಬಿಚ್ಚಿದ ಸ್ವರದ ಪುಸ್ತಕವೊಂದು ಕಂಡಿತು. ನಡುವಿನ ಎಂಟು ಹಾಳೆ ಇರಲಿಲ್ಲ. "ಒಯ್ರಿ, ಯಾರೂ ಕೇಳೂದಿಲ್ಲ" ಎಂದು ಮಾರುವವನು ಹಾಗೆಯೇ ಕೊಟ್ಟ. ಹೋದ ವರ್ಷ ಉಳಿದ ಇದೇ ಪುಸ್ತಕದ ಪ್ರತಿಗಳನ್ನೆಲ್ಲ ಬಾಗಲಕೋಟೆಯಲ್ಲಿ ರದ್ದಿಗೆ ಹಾಕಿದ್ದಾಗಿಯೂ ಹೇಳಿದ.

"ಇದನ್ನ ಬರದವ ಯಾರ್ರಿ ಚಾಚಾ?" ಎಂದು ಕೇಳಿದೆ.

"ಹೆಸರು ಓದಾಕ ಬರೂದಿಲ್ಲೋ ಸಂಗ್ಯಾ. ಪುಣಾದಾಗಿನ ದೊಡ್ಡ ದೊಡ್ಡ ಪುಸ್ತಕದಾಗೂ ಈ ನಮೂನಿ ಕಂಡಿಲ್ಲ. ಆದ್ರ ಖರೆ ಮನಶಾ ಇದ್ದಾನ."

ಅವರ ಬಲಗಿವಿ ಆಗಲೇ ಹೋಗಿತ್ತು. ಎಡಗಿವಿಯೂ ಮಂದವಾಗುತ್ತಿತ್ತು. ಅದು ಪೂರ್ತಿ ಹೋಗುವುದರೊಳಗೆ ಆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನುಡಿಸಿ ಕೇಳಬೇಕು, ಅವರಿಗಿದ್ದ ಆಸೆ ಅಷ್ಟೇ.

ಮೊದಲ ಪುಟದ ರಷ್ಯದ ಅಕ್ಷರಗಳನ್ನು ನಾನು ಸೆರಗಿನ ನಕ್ಷೆ ನಕಲು ಮಾಡುವಂತೆ ಚೀಟಿಗೆ ಇಳಿಸಿದೆ. ಅದನ್ನು ತೋರಿಸುತ್ತ ಬಾಗಲಕೋಟೆಯ ರದ್ದಿ ಅಂಗಡಿಗೆ ಹೋದೆವು. ಅವನು ಬಾದಾಮಿಯ ಕಿರಾಣಿಯವನಿಗೆ ಕೊಟ್ಟಿದ್ದ. ಕಿರಾಣಿಯವನು ಕೆರೂರ ಸಂತೆಯ ಚುರಮುರಿ ಅಜ್ಜಿಗೆ ಕೊಟ್ಟಿದ್ದ. ಅಜ್ಜಿಯ ಎದುರು ಚಾಚಾ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಾಳೆ ಎತ್ತಿ ನೋಡತೊಡಗಿದರು.

"ಏನ್ರಿ ಸಾಬ್ರ, ಚುರಮುರಿ ತಿನ್ನಾಕ ಬಂದೀರೋ, ಕಾಗದ ತಿನ್ನಾಕೋ?" ಅಜ್ಜಿ ರೇಗಿದಳು.

"ಕಾಗದ ಸಿಕ್ರ ನಿನ್ನ ಬುಟ್ಟಿ ಚುರಮುರಿನೂ ತಿಂತೇನವಾ."

ಏಳು ಹಾಳೆ ಸಿಕ್ಕವು. ಎಂಟನೆಯದರಲ್ಲಿ ಅಜ್ಜಿ ಆಗತಾನೇ ಒಬ್ಬನಿಗೆ ಖಾರದ ಚುರಮುರಿ ಕಟ್ಟಿಕೊಟ್ಟಿದ್ದಳು. ನಾನು ಓಡಿದೆ. ಅವನ ಚಕ್ಕಡಿ ಊರು ದಾಟಿತ್ತು.

"ಕಾಕಾ, ಕಾಗದ ಕೊಡ್ರಿ!"

"ತಿಂದ ಮ್ಯಾಲ ಕೊಡ್ತೇನಿ, ತಡಿಯಲೇ. ಚುರಮುರಿ ಬಿಟ್ಟು ಕಾಗದ ಬೇಡತಿಯಲ್ಲ, ನಿಮ್ಮವ್ವ ಏನ್ ಹಾಕಿ ಬೆಳಿಸ್ಯಾಳೋ ನಿನ್ನ?"

ಅವನು ತಿಂದು ಮುಗಿಸುವವರೆಗೆ ಚಕ್ಕಡಿಯ ಹಿಂದೆ ಓಡಿದೆ. ಎಣ್ಣೆ ಕುಡಿದ ಆ ಹಾಳೆಗೆ ಚಾಚಾನ ಮನೆಯಲ್ಲಿ ಚಾಚಿ ಜೋಳದ ಹಿಟ್ಟು ಉದುರಿಸಿ ಒಣಗಿಸಿದರು. ಕಲೆ ಹೋಗಲಿಲ್ಲ, ಸ್ವರ ಕಾಣುತ್ತಿತ್ತು. ಅಂದು ನನಗೆ ಶೇಂಗಾಚಟ್ನಿ, ಎಮ್ಮೆಯ ಕೆನೆಮೊಸರು, ಬಿಸಿರೊಟ್ಟಿ.

"ಹದಿನೈದು ದಿನ ಕೈ ಕೂಡಿಸ್ತೇನಿ. ಆಮ್ಯಾಲ ಪೂರ್ತಿ ಬಾರಿಸ್ತೇನಿ. ನೀನ ಮುಂದ ಕುಂದರಬೇಕ" ಎಂದರು ಚಾಚಾ. ಹಾಳೆಗಳನ್ನೆಲ್ಲ ಅನುಕ್ರಮವಾಗಿ ಜೋಡಿಸಿ ಟ್ರಂಕಿನಲ್ಲಿಟ್ಟರು.

ಅವರು ಬಾದಾಮಿಗೆ ಪೇಟಿ ರಿಪೇರಿಗೆ ಹೋದ ದಿನ ನಮ್ಮ ಮನೆಯಲ್ಲಿ ಗಡಿಬಿಡಿ. ಸೊಲ್ಲಾಪುರದ ಸಾವುಕಾರರಿಗೆ ಸೀರೆ ಕಳಿಸಬೇಕು, ಬಸ್ಸಿನ ಹೊತ್ತಾಗಿದೆ. ಘಳಗಿ, ಅಂದರೆ ಸೀರೆಯ ಮಡಿಕೆ, ಬಾಗದೆ ನಿಲ್ಲಲು ಒಳಗೆ ದಪ್ಪ ಕಾಗದ ಇಡುವುದು ನಮ್ಮ ಪದ್ಧತಿ. ಕಾಗದ ತೀರಿತ್ತು. ಹಿಂದೊಮ್ಮೆ ರಷ್ಯದ ಪತ್ರಿಕೆಯ ರಟ್ಟು ತಂದುಕೊಟ್ಟಾಗ ಅಪ್ಪ, "ಶಾಣ್ಯಾ ಆದಿ ಬಿಡಲೇ" ಎಂದಿದ್ದ. ಹೊಗಳಿಕೆಯ ವಿಷಯದಲ್ಲಿ ಅಪ್ಪನದು ಬಲು ಬಿಗಿ ಕೈ. ಆ ಮಾತು ಇನ್ನೊಮ್ಮೆ ಬೇಕಾಗಿತ್ತು ನನಗೆ.

ತಿಳಿಯದೆ ಮಾಡಿದೆ ಎಂದು ಹೇಳಲಾರೆ. ಚಾಚಾನ ಟ್ರಂಕು ತೆರೆದೆ. ಎಣ್ಣೆಯ ಹಾಳೆ ಸೀರೆಗೆ ಕಲೆ ಮಾಡುತ್ತದೆಂದು ಅದೊಂದನ್ನು ಬಿಟ್ಟು, ಉಳಿದುದನ್ನೆಲ್ಲ ಅಂಗಿಯೊಳಗೆ ತುಂಬಿಕೊಂಡೆ. ಅಂಗಳದಲ್ಲಿ ಚಾಚಿ ಕಾಳು ಹಸನು ಮಾಡುತ್ತಿದ್ದರು. ತಲೆ ಎತ್ತಿದರು, ಮತ್ತೆ ಮೊರದ ಕಡೆ ಬಗ್ಗಿದರು. ಎಲ್ಲಿಯದೆಂದು ಅಪ್ಪ ಕೇಳಲಿಲ್ಲ, ನಾನು ಹೇಳಲಿಲ್ಲ. ಸೀರೆಗಳು ಬಸ್ಸಿನ ನೆತ್ತಿಯೇರಿ ಹೋದವು.

ಮರುದಿನ ನಾನು ಹೋಗದಿದ್ದರೆ ಸಂಶಯ ಬರುತ್ತದೆಂದು ಎಂದಿನಂತೆ ಹೋದೆ. ಚಾಚಾ ಟ್ರಂಕಿನ ಮುಂದೆ ಕೂತಿದ್ದರು. ಕೈಯಲ್ಲಿ ಆ ಒಂದೇ ಹಾಳೆ.

"ಉಳದದ್ದ ಎಲ್ಲಿ?"

ಚಾಚಿ ಆ ಹಾಳೆ ನೋಡಿದರು, ನನ್ನನ್ನು ನೋಡಿದರು. ಒಲೆಗೆ ಹಾಕುವವರು ಎಣ್ಣೆ ಕುಡಿದ ಹಾಳೆಯನ್ನೇ ಮೊದಲು ಹಾಕುತ್ತಾರೆ. ಅದನ್ನು ಬಿಟ್ಟು ಒಣ ಹಾಳೆ ಒಯ್ಯುವವರು ನೇಕಾರರ ಮನೆಯವರು ಮಾತ್ರ. ಅದು ಅವರಿಗೆ ಆ ಗಳಿಗೆಯಲ್ಲೇ ಹೊಳೆದಿತ್ತು.

"ನಾನ ಒಲಿಗೆ ಹಾಕೀನ್ರಿ" ಎಂದರು. "ರದ್ದಿ ಅಂತ ತಿಳದೆ."

ಚಾಚಾ ಕೂಗಾಡಲಿಲ್ಲ. "ಇಷ್ಟ ವರ್ಷ ನನ್ನ ಜೋಡಿ ಬಾಳೇ ಮಾಡಿ, ನಿನಗ ಇದು ರದ್ದಿ ಕಂಡ್ತೇನು?" ಎಂದರು, ಅಷ್ಟೇ. ಚಾಚಿ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಒಳಗೆ ಹೋದರು.

ಆ ಮಳೆಗಾಲವೆಲ್ಲ ಚಾಚಾ ಆಕೆಯೊಂದಿಗೆ ಮಾತಾಡಿದ್ದನ್ನು ನಾನು ಕೇಳಲಿಲ್ಲ. ರೊಟ್ಟಿ ಬೇಕಾದರೆ ತಾಟು ಮುಂದೆ ಸರಿಸುತ್ತಿದ್ದರು. ಸೊಲ್ಲಾಪುರದಿಂದ, "ಈ ಸಲ ಘಳಗಿ ಭಾಳ ಚಂದ ಕುಂತಾವ" ಎಂದು ಕಾಗದ ಬಂತು. ಅಪ್ಪ ಅದನ್ನು ಎರಡು ಸಲ ಓದಿಸಿದ. ದಸರೆಯ ಹೊತ್ತಿಗೆ ಚಾಚಾನ ಎಡಗಿವಿಯೂ ಹೋಯಿತು. ಅವರ ಮನೆಗೆ ಹೋದಾಗ ಚಾಚಿ ನನಗೆ ಅದೇ ಚಟ್ನಿ, ಅದೇ ಮೊಸರು ಹಾಕುತ್ತಿದ್ದರು. ಒಂದು ದಿನವೂ ಕಣ್ಣು ಕೆಂಪು ಮಾಡಲಿಲ್ಲ. ನಾನೇ ಹೋಗುವುದನ್ನು ಬಿಟ್ಟೆ.

ಈಗ ಚಾಚಾ ಇಲ್ಲ. ಆ ರದ್ದಿ ಅಂಗಡಿಯಿದ್ದ ಹಳೇ ಬಾಗಲಕೋಟೆಯ ಓಣಿ ಹಿನ್ನೀರಿನ ಕೆಳಗಿದೆ. ನಮ್ಮ ಓಣಿಯಲ್ಲಿ ಕೈಮಗ್ಗ ಎರಡೋ ಮೂರೋ ಉಳಿದಿವೆ. ಈಚೆಗೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಪಿಯಾನೊ ಕಲಿಸುವ ಹುಡುಗಿಯೊಬ್ಬಳ ಮನೆಗೆ ಹೋಗಿ, ಕೈಗೆ ಇನ್ನೂ ನೆನಪಿರುವ ಆ ರಷ್ಯದ ಅಕ್ಷರಗಳನ್ನು ಬರೆದು ತೋರಿಸಿದೆ. "ಇವರ ಹೆಸರ ನಾನೂ ಕೇಳಿಲ್ರಿ ಅಜ್ಜಾರ" ಎಂದು ಅವಳು ಮೊಬೈಲಿನಲ್ಲಿ ಹುಡುಕಿದಳು. ನಾನು ಚಹಾ ಮುಗಿಸುವುದರೊಳಗೆ ಇಡೀ ಪುಸ್ತಕ ಸಿಕ್ಕಿತು. ನಾವು ಬೇಸಿಗೆಯೆಲ್ಲ ಅಲೆದು ಕೂಡಿಸಿದ್ದು ಅದನ್ನೇ. ಅವಳು ಪೂರ್ತಿ ನುಡಿಸಿದಳು. ಕೇಳಬೇಕಾದವರ ಜಾಗದಲ್ಲಿ ನಾನು ಕೂತಿದ್ದೆ.

ಆದರೆ ನಾನು ಮಾಡಿದ ದೊಡ್ಡ ತಪ್ಪು ಹಾಳೆಯದಲ್ಲ. ಗಂಡನ ಕಣ್ಣಲ್ಲಿ ಏನೂ ತಿಳಿಯದವಳಾಗಿ ಬದುಕಲು ಒಬ್ಬಾಕೆಯನ್ನು ಬಿಟ್ಟು ಸುಮ್ಮನೆ ನಿಂತೆನಲ್ಲ, ಅದು. ಆಕೆ ತೀರಿಕೊಂಡಾಗ ಮಣ್ಣಿಗೆ ಹೋಗಿದ್ದೆ. ಅಲ್ಲಿಯೂ ಬಾಯಿ ಬರಲಿಲ್ಲ. ಓಣಿಯವರೆಲ್ಲ ಆಕೆಯನ್ನು ಪೇಟಿ ಚಾಚಾನ ಹೆಂಡತಿ ಎನ್ನುತ್ತಿದ್ದರು, ನಾನು ಚಾಚಿ ಎನ್ನುತ್ತಿದ್ದೆ. ಆಕೆಯ ಹೆಸರು ಮಾಬೂಬಿ.