ಸಿಡಿಗೆ ಇಟ್ಟ ಕುಂಕುಮ

ಇವತ್ತು ಆಯುಧಪೂಜೆ. ಹೆಂಡತಿ ನನ್ನ ಲ್ಯಾಪ್‌ಟಾಪಿಗೆ ಇಡಲು ಗಂಧ ತಂದಾಗ ಆ ವಾಸನೆಗೇ ಲ್ಯಾಪ್‌ಟಾಪನ್ನು ಹಿಂದಕ್ಕೆಳೆದುಕೊಂಡೆ.

ನಾನು ಚಿಕ್ಕವನಿದ್ದಾಗ ವಿಜಯನಗರದ ನಮ್ಮ ಮನೆಯಲ್ಲೂ ಹೀಗೇ ಪೂಜೆ. ಕಂಪ್ಯೂಟರಿಗೆ ಸೇವಂತಿಗೆ ಹಾರ ಹಾಕಿದ ಅಮ್ಮ ಪಕ್ಕದಲ್ಲಿದ್ದ ಸಿಡಿಯನ್ನೂ ಬಿಡಲಿಲ್ಲ. ಅದರ ಹೊಳೆಯುವ ಬದಿಗೆ ಒದ್ದೆ ಗಂಧ, ಮೇಲೆ ಕುಂಕುಮ ಇಟ್ಟಳು. ತೀರಿಕೊಂಡಿದ್ದ ತಾತನ ಧ್ವನಿ ಉಳಿದಿದ್ದದ್ದು ಆ ಸಿಡಿಯಲ್ಲಿ ಮಾತ್ರ.

ಅಪ್ಪ ಓಡಿಬಂದು ಸಿಡಿ ಎತ್ತಿಕೊಂಡರು. ಪಂಚೆಯ ತುದಿಯಿಂದ ಉಜ್ಜಿದಷ್ಟೂ ಕುಂಕುಮ ಹರಡಿ ಗೀರು ಬಿತ್ತು. ಡ್ರೈವಿಗೆ ಹಾಕಿದರೆ ಬರೀ ಕರಕರ ಸದ್ದು.

"ದೇವರಿಗೆ ಇಟ್ಟಂಗೆ ಇಟ್ಟೆ ಕಣ್ರೀ, ಹೋಗೇ ಬಿಡ್ತಾ?" ಅಮ್ಮ ಅಪ್ಪನ ಭುಜದ ಮೇಲಿಂದ ಬಗ್ಗಿ ನೋಡಿದಳು.

"ಸುಮ್ನಿರೇ, ಡ್ರೈವ್ ಓದ್ತಾ ಇದೆ," ಎಂದ ಅಪ್ಪ ಕಿವಿಯನ್ನು ಡ್ರೈವಿಗೆ ಹತ್ತಿರ ತಂದರು.

ಎಷ್ಟೋ ಹೊತ್ತಿನ ಮೇಲೆ ತಾತ ಮಾತಾಡಿದರು. ಅಪ್ಪ ತಕ್ಷಣ ಅದನ್ನು ಕಂಪ್ಯೂಟರಿಗೆ ಕಾಪಿ ಮಾಡಿಕೊಂಡರು.

ಹೊಸ ಆಪರೇಟಿಂಗ್ ಸಿಸ್ಟಮ್ ಬಂದ ದಿನವೇ ಹಾಕಿಕೊಳ್ಳುವ ಧೈರ್ಯ ನನಗಿದೆ. ಒಂದೇ ಪ್ರತಿಯಿರುವ ಫೈಲ್ ಕಂಡರೆ ಮಾತ್ರ ಈಗಲೂ ಹೆದರಿ ಇನ್ನೊಂದು ಪ್ರತಿ ಮಾಡಿಡುತ್ತೇನೆ. ತಾತನ ಧ್ವನಿಯನ್ನು ಪೆನ್‌ಡ್ರೈವ್, ಹಾರ್ಡ್‌ಡಿಸ್ಕ್, ಕ್ಲೌಡ್ ಎಲ್ಲ ಕಡೆ ಇಟ್ಟಿದ್ದೇನೆ. ಎಲ್ಲ ಕಡೆಯೂ ಅವರು ನನ್ನನ್ನು ಕರೆಯುತ್ತಾರೆ. ಗೀರು ಬಿದ್ದ ಆ ಜಾಗಕ್ಕೆ ಬಂದಾಗ ಎಲ್ಲ ಕಡೆಯೂ ನನ್ನ ಹೆಸರು ಅರ್ಧಕ್ಕೇ ನಿಂತುಹೋಗುತ್ತದೆ.