ಮಾವಶಿಯ ತಪ್ಪಿಲ್ಲದ ಹಾಳೆಗಳು

ಮೊನ್ನೆ ಕಮಲಾಪುರದವರೊಬ್ಬರು ಕೆಂಪು ಬಾಳೆಹಣ್ಣು ತಂದುಕೊಟ್ಟರು. ಸಿಪ್ಪೆ ಸುಲಿದೆ. ಆ ಘಮಕ್ಕೆ ಗಾಜಿಪುರದ ನಮ್ಮ ಪಕ್ಕದ ಮನೆಯ ಮಾವಶಿ, ನಮಗೆಲ್ಲ ಚಿಕ್ಕಮ್ಮನಂತಿದ್ದವರು, ನೆನಪಾದರು...

ಅವರು ಟೈಪಿಂಗ್ ಕಲಿಸುತ್ತಿದ್ದವರು. ಒಂದಕ್ಷರ ತಪ್ಪಿದರೂ ಇಡೀ ಹಾಳೆ ಮತ್ತೆ ಹೊಡೆಸುತ್ತಿದ್ದರು, ನನಗೂ ಹೊಡೆಸಿದ್ದಾರೆ. ಕಂಪ್ಯೂಟರ್ ಬಂದು ಆ ಕ್ಲಾಸು ಮುಚ್ಚಿತು. ಎರಡು ಸಾವಿರದ ಇಸವಿ ದಾಟಿದ ಹೊಸದರಲ್ಲಿ, ಸ್ಟೇಶನ್ ಬಜಾರದ ಇಂಟರ್‌ನೆಟ್ ಅಂಗಡಿಯಲ್ಲಿ ಅವರಿಗೊಂದು ಜಾಹೀರಾತು ಕಂಡಿತು: ಮನೆಯಲ್ಲೇ ಕೂತು ಟೈಪ್ ಮಾಡಿ, ಗಳಿಸಿ. ಮೊದಲು ಡಿಪಾಜಿಟ್ ಕಟ್ಟಬೇಕು.

"ಕೆಲಸ ಕೊಡಾವ್ರು ರೊಕ್ಕ ಕೊಡಬೇಕ್ರೀ ಮಾವಶಿ, ಇವರ್ಯಾಕ ಕೇಳಾಕತ್ತಾರ?" ಅಂದೆ.

"ದೊಡ್ಡ ಕಂಪನಿ ಅದ ತಗೋ. ಕಟ್ಟೇ ಬಂದೀನಿ."

ಎರಡು ಕಂತು ಕೆಲಸ ಮುಗಿಸಿಕೊಟ್ಟ ಮೇಲೆ ಈಮೇಲ್ ಬಂತು. ನಿಮ್ಮ ಹಾಳೆಗಳ ತುಂಬ ತಪ್ಪು, ಕರಾರು ಮುರಿದಿದ್ದೀರಿ, ದಂಡ ಕಟ್ಟಿ, ಇಲ್ಲವೇ ಕೋರ್ಟಿಗೆ ಬನ್ನಿ. ನಾನಾಗಿದ್ದರೆ ಕಳ್ಳನಿಗೊಂದು ಪಿಳ್ಳೆ ನೆವ ಎಂದು ಬೈದು ಸುಮ್ಮನಾಗುತ್ತಿದ್ದೆ. ಮಾವಶಿ ತಪ್ಪು ತಮ್ಮದೇ ಎಂದು ನಂಬಿದರು. ಫೋನಿನ ಮೇಲೆ ಟವೆಲ್ ಹೊದಿಸಿದರು. ಬೀದಿಯಲ್ಲಿ ಜೀಪು ನಿಂತರೆ ಅಡುಗೆಮನೆಗೆ ಹೋಗಿ ಕೂಡುತ್ತಿದ್ದರು.

ದಂಡಕ್ಕಾಗಿ ಕೈಯಲ್ಲಿದ್ದ ಬಂಗಾರದ ಪಾಟ್ಲಿ ಒತ್ತೆಯಿಡಬೇಕಿತ್ತು. ಗಾಜಿಪುರದಲ್ಲಿ ಇಟ್ಟರೆ ಸುದ್ದಿಯಾದೀತೆಂದು ಕಮಲಾಪುರದ ತಂಗಿಯ ಮನೆಗೆ ಹೊರಟರು. ಒಬ್ಬರನ್ನೇ ಬಿಡಲು ಧೈರ್ಯವಾಗದೆ ನಾನೂ ಬಸ್ಸು ಹತ್ತಿದೆ.

ತಂಗಿ ಎಲ್ಲ ಕೇಳಿ, ಬಾಳೆಹಣ್ಣು ಮುಂದಿಟ್ಟು, "ಮೊದಲ ತಪ್ಪು ಯಾವದು ತೋರಿಸಕ್ಕಾ" ಅಂದಳು.

ಮಾವಶಿ ಚೀಲದಿಂದ ಹಾಳೆ ತೆಗೆದರು. ಕಂಪನಿಯವರು ಕಳಿಸಿದ್ದನ್ನು ನಾನು ಗಟ್ಟಿಯಾಗಿ ಓದುತ್ತ ಹೋದೆ, ತಾವು ಹೊಡೆದು ಇಟ್ಟುಕೊಂಡಿದ್ದ ಪ್ರತಿಯ ಮೇಲೆ ಅವರು ಬೆರಳಾಡಿಸುತ್ತ ಬಂದರು. ಒಂದೂ ತಪ್ಪು ಸಿಗಲಿಲ್ಲ. ಎರಡನೇ ಕಂತು ಓದತೊಡಗಿದಾಗ ಬೆರಳು ನಿಂತಿತು. ಮೊದಲ ಕಂತಿನವೇ ಹಾಳೆಗಳು, ಹಿಂದುಮುಂದು ಮಾಡಿ ಕಳಿಸಿದ್ದರು. ಅಕ್ಷರ ನೋಡು, ಅರ್ಥ ನೋಡಬೇಡ ಎಂದು ನಮಗೆ ಕಲಿಸಿದ್ದವರು ತಾವೂ ಹಾಗೆಯೇ ಹೊಡೆದಿದ್ದರು. ಈಗ ಕಿವಿಗೆ ಬಿದ್ದಾಗ ತಿಳಿಯಿತು.

"ನನ್ನ ಹಾಳಿ ಯಾರೂ ತೆಗದು ಸೈತ ನೋಡಿಲ್ಲವ್ವಾ..." ಅಂದರು.

ಪಾಟ್ಲಿ ಕೈಯಲ್ಲೇ ಉಳಿಯಿತು. ದಂಡ ಕಟ್ಟಲಿಲ್ಲ. ಕೋರ್ಟಿನಿಂದ ಯಾರೂ ಬರಲಿಲ್ಲ. ಅಂಜಿಕೆ ಮಾತ್ರ ಹೋಗಲಿಲ್ಲ. ಬಹಳ ದಿನದ ಮೇಲೆ ನನ್ನದೊಂದು ಅರ್ಜಿ ಟೈಪ್ ಮಾಡಿಕೊಡಿರೆಂದು ಕೇಳಿದಾಗ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

"ತಪ್ಪಾದರ?" ಅಂದರು.

ಮಾವಶಿ ಈಗಿಲ್ಲ. ಮನೆಯಲ್ಲೇ ಕೂತು ಗಳಿಸಿ ಎನ್ನುವ ಮೆಸೇಜು ನನ್ನ ಮೊಬೈಲಿಗೂ ಬರುತ್ತದೆ. ಅಳಿಸುತ್ತೇನೆ, ಆದರೂ ಕಳವಳ ಉಳಿದುಬಿಡುತ್ತದೆ... ಈ ಹೊತ್ತಿನಲ್ಲಿ ಯಾವ ಮನೆಯಲ್ಲಿ ಯಾರು ತಮ್ಮ ತಪ್ಪು ಹುಡುಕುತ್ತ ಕೂತಿದ್ದಾರೋ.