ತವರಿನ ಬೆಣದಲ್ಲಿ ಹಾಕಿದ ಟೆಂಟು

ಮೊಮ್ಮಗಳ ವಿಷಯ ಬರೆಯಲು ಕೂತರೆ ನನ್ನ ಕೈ ನಿಲ್ಲುವುದಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು, ಒತ್ತಕ್ಷರ ಎಲ್ಲಿ ತಪ್ಪಿದರೂ ಅವಳೇ ತಿದ್ದುತ್ತಾಳೆ. ಇದನ್ನೂ ಅವಳೇ ತಿದ್ದುವವಳು. ಹಾಗಾಗಿ ಸುಳ್ಳು ಬರೆಯುವ ಹಾಗಿಲ್ಲ.

ನಾನಿರುವುದು ಶಿರಸಿಯಲ್ಲಿ, ಮಗಳು ಅಳಿಯನ ಜೊತೆ. ಅಳಿಯ ಟೆಂಪೋ ಇಟ್ಟುಕೊಂಡಿದ್ದಾನೆ. ಜಲಪಾತ ನೋಡಲು, ಬೆಟ್ಟ ಹತ್ತಲು ಬರುವವರನ್ನು ಕರೆದುಕೊಂಡು ಹೋಗುತ್ತಾನೆ. ಈಗೀಗ ಬರುವವರು ಲಾಡ್ಜು ಕೇಳುವುದಿಲ್ಲ, ಟೆಂಟು ಹಾಕಲು ಜಾಗ ಕೇಳುತ್ತಾರೆ. ಮಲಗುವ ಮಂಚ, ಒಲೆ ಎಲ್ಲ ಒಳಗೇ ಇರುವ ದೊಡ್ಡ ಗಾಡಿ ತರುವವರೂ ಇದ್ದಾರೆ. ಅದನ್ನು ನೋಡಿ ನೋಡಿ ಅಳಿಯನೂ ತನ್ನ ಟೆಂಪೋದ ಹಿಂದಿನ ಸೀಟು ಬಿಚ್ಚಿ, ಹಲಗೆ ಹೊಡೆಸಿ, ಮೇಲೆ ಹಾಸಿಗೆ ಹಾಕಿ, ಕಿಟಕಿಗೆ ನನ್ನ ಹಳೇ ಸೀರೆಯ ಪರದೆ ಕಟ್ಟಿದ. ಮೊಮ್ಮಗಳು ಒಳಗೆ ಹೊಕ್ಕು ಮಲಗಿ, ಎದ್ದು, ಮತ್ತೆ ಮಲಗಿ, "ಊರವರನ್ನೆಲ್ಲ ಟೆಂಟಿಗೆ ಕರ್ಕಂಡು ಹೋಗ್ತೆ ಅಪ್ಪಾ, ಯಂಗಳ ಯಾವಾಗ ಕರ್ಕಂಡು ಹೋಪದು?" ಎಂದಳು. ದೀಪಾವಳಿ ಕಳೆದ ಮೇಲಿನ ರಜೆಗೆ ಹೋಗುವುದೆಂದು ಆಯಿತು.

ಟೆಂಪೋದಲ್ಲಿ ಅಪ್ಪ ಅಮ್ಮ ಮಲಗಲಿ, ಟೆಂಟಿನಲ್ಲಿ ಅಜ್ಜಿ ಮತ್ತು ತಾನು. ಬೆಳಗ್ಗೆ ಟೆಂಟಿನ ಜಿಪ್ಪು ಎಳೆದರೆ ಎದುರಿಗೇ ಸೂರ್ಯ ಮೇಲೆ ಬರುತ್ತಿರಬೇಕು. ಇದು ಅವಳು ಹಾಕಿದ ಕರಾರು. ಹನ್ನೊಂದು ತುಂಬದ ಮಗುವಿಗೆ ಜಗತ್ತಿನಲ್ಲಿ ಇನ್ನೇನೂ ಬೇಡ, ಇಷ್ಟೇ ಬೇಕು. ಪಕ್ಕದಲ್ಲಿ ಮಲಗಲು ನಾನೇ ಬೇಕು! ನನಗಾದ ಸಂತೋಷ ಯಾರ ಹತ್ತಿರ ಹೇಳಲಿ? ಹಾಲು ತರಲು ಹೋದಾಗ ಹಾಲಿನವನಿಗೂ ಹೇಳಿ ಬಂದೆ.

ಜಾಗ ಹುಡುಕಲು ಮೊದಲು ಸಿದ್ದಾಪುರದ ಕಡೆ ಹೋದೆವು. ಗಾಡಿ ಹೋಗುವ ದಾರಿ ಅರ್ಧಕ್ಕೇ ಮುಗಿಯಿತು, ಉಳಿದದ್ದು ನಡಿಗೆ. ಮೇಲೆ ಹೋದರೆ ನೋಡಬೇಕು, ಗುಡ್ಡದ ಹಿಂದೆ ಗುಡ್ಡ, ಅದರ ಹಿಂದೆ ಇನ್ನೊಂದು, ಕೊನೆಯದು ಮೋಡವೋ ಗುಡ್ಡವೋ ತಿಳಿಯದು. ಮೊಮ್ಮಗಳು ಕೈ ಅಗಲಿಸಿ ಗಿರಗಿರ ತಿರುಗಿದಳು. ನಾನು ನೋಡಿದ್ದು ಕೆಳಗೆ, ಕಾಲ ಬುಡ. ನೀರಿಲ್ಲ. ಗಾಳಿಗೆ ತಡೆ ಇಲ್ಲ. ಕಾಡಿನಂಚಿನ ಒಣ ಎಲೆ ನೋಡಿದ ಕೂಡಲೇ ಉಣುಗಿನ ನೆನಪಾಯಿತು. ಉಣುಗು ಕಚ್ಚಿ ಮಂಗನ ಕಾಯಿಲೆ ಬಂದರೆ ಏನು ಗತಿ? ಬೇಡವೆಂದೆ.

ಆಮೇಲೆ ಯಲ್ಲಾಪುರದ ಆಚೆ, ಹಳ್ಳದ ದಂಡೆಯ ಮೇಲೆ ಯಾರೋ ಮಾಡಿಟ್ಟ ಕ್ಯಾಂಪು. ಗಾಡಿ ನಿಲ್ಲಿಸಲು ಸಪಾಟು ಜಾಗ, ಕರೆಂಟಿನ ಪ್ಲಗ್ಗು, ಸಾಲಾಗಿ ಪಾಯಖಾನೆ. ಮಗಳಿಗೂ ಅಳಿಯನಿಗೂ ಮನಸ್ಸು ಬಂತು. ಆದರೆ ಟೆಂಟಿಗೆ ಟೆಂಟು ತಾಗಿಕೊಂಡಿತ್ತು, ಮಧ್ಯಾಹ್ನವೇ ಪೆಟ್ಟಿಗೆಯಷ್ಟು ದೊಡ್ಡ ಸ್ಪೀಕರಿನಲ್ಲಿ ಹಾಡು ಬಡಿಯುತ್ತಿತ್ತು. ಸುತ್ತ ಮರ, ಸೂರ್ಯ ತಲೆ ಮೇಲೆ ಬಂದಾಗಲೇ ಕಾಣುವುದು. ಮೊಮ್ಮಗಳು ಮುಖ ಸಣ್ಣ ಮಾಡಿದಳು.

ವಾಪಸು ಬರುವಾಗ ನನ್ನ ಬಾಯಿಂದಲೇ ಬಂತು. "ಉಮ್ಮಚಗಿಗೆ ಹೋದ್ರಾಗ್ತಿಲ್ಯ? ನಮ್ಮನೆ ಬೆಣ ಇದ್ದಲೆ!"

ನಮ್ಮನೆ ಅಂದರೆ ನನ್ನ ತವರುಮನೆ, ಅಣ್ಣ ಅತ್ತಿಗೆ ಇರುವುದು. ಬೆಣ ಅಂದರೆ ಮನೆಯ ಹಿಂದಿನ ಹುಲ್ಲುಗುಡ್ಡ. ಸಣ್ಣವಳಿದ್ದಾಗ ದನ ಹೊಡೆದುಕೊಂಡು ಅಲ್ಲಿಗೆ ಹೋಗುತ್ತಿದ್ದೆ. ಮೂಡುದಿಕ್ಕಿಗೆ ಪೂರ್ತಿ ಬಯಲು. ಹುಲ್ಲು ಕೊಯ್ದು ಮುಗಿದಿರುತ್ತದೆ, ಗಾಡಿ ಮೇಲಿನವರೆಗೂ ಹೋಗುತ್ತದೆ, ನೀರು ಬೇಕಾದರೆ ಕೆಳಗೆ ಮನೆ. ಪಾಯಖಾನೆಯೂ ಉಂಟು. ನಾನು ಹೇಳಿದ್ದರಲ್ಲಿ ಒಂದು ತಪ್ಪಿಲ್ಲ. ಈಗಲೂ ಒಂದೊಂದನ್ನೇ ಎಣಿಸಿ ನೋಡುತ್ತೇನೆ, ತಪ್ಪಿಲ್ಲ. ಆ ಕೆಳಗಿನ ಮನೆಯೊಂದನ್ನು ಮಾತ್ರ ನಾನು ನಲ್ಲಿ ಎಂದು ಲೆಕ್ಕ ಹಾಕಿದ್ದೆ, ಮನೆ ಎಂದು ಹಾಕಲಿಲ್ಲ.

ಅಳಿಯ ಗಾಡಿ ಓಡಿಸುತ್ತಲೇ ಒಮ್ಮೆ ಕೇಳಿದ. "ಅತ್ತೆ, ಅಷ್ಟು ಹತ್ತಿರ ಮನೆ ಇದ್ರೆ ಅವು ಸುಮ್ಮನೆ ಬಿಡ್ತ್ವಾ?"

"ಬಿಡದೆ ಎಂತ ಮಾಡ್ತ? ನನ್ನ ಅಣ್ಣ ಅತ್ತಿಗೆ. ಆನು ಹೇಳ್ತೆ."

ರಜೆ ಬಂದು ಹೊರಟ ದಿನ ಸಂಜೆ ಬಿಸಿಲಿರುವಾಗಲೇ ಬೆಣ ಹತ್ತಿದೆವು. ಮನೆಗೆ ಹೋಗಿ ಮುಖ ತೋರಿಸಿ, ಒಂದು ಲೋಟ ಆಸರಿ ಕುಡಿದು, ಹೀಗೆ ಹೀಗೆ ಎಂದು ಹೇಳಿಯೇ ಬಂದಿದ್ದೆವು. ಬಾಯಾರಿಕೆಗೆ ಕೊಡುವುದಕ್ಕೆ ನಮ್ಮ ಕಡೆ ಆಸರಿ ಎನ್ನುತ್ತಾರೆ, ಅದನ್ನು ಕುಡಿಯದೆ ಹೊಸಿಲು ದಾಟಿ ಹೊರಗೆ ಬರುವ ಪದ್ಧತಿ ಇಲ್ಲ. ಅತ್ತಿಗೆ ಆಗ "ಹೌದನ" ಎಂದಳು, ಅಷ್ಟೇ. ಅಳಿಯ ಟೆಂಟಿನ ಕಡ್ಡಿ ಸಿಕ್ಕಿಸಿದ. ಮೊಮ್ಮಗಳು ಗೂಟ ಹೊಡೆದಳು. ನನ್ನ ಕೈಯಿಂದಲೇ ಒಳಗೆ ಕಂಬಳಿ ಹಾಸಿ, ಮೇಲೆ ಬಿಳಿ ಚಾದರ ಎಳೆದೆ, ಒಂದು ಸುಕ್ಕಿಲ್ಲದ ಹಾಗೆ. ಬಗ್ಗಿ, ಮಂಡಿ ಊರಿ, ಅಯ್ಯೋ ಅಪ್ಪಾ ಎನ್ನುತ್ತಾ ಒಳಗೆ ಹೊಕ್ಕೆ. ಹಳದಿ ಬಟ್ಟೆಯೊಳಗೆ ಬೆಳಕು ಹಣ್ಣಾದ ಹಾಗಿತ್ತು. ಮೊಮ್ಮಗಳು ನನ್ನ ಕೈ ಹಿಡಿದು ಕೂತಳು.

"ಅಜ್ಜೀ, ನಾಳೆ ಜಿಪ್ಪು ತೆಗೆಯದು ನೀನಾ ಆನಾ?"

"ನೀನೇ ತೆಗೆ ಕೂಸೆ. ನಂಗೆ ಅದರ ಬಾಲ ಎಲ್ಲಿದ್ದು ಹೇಳೇ ಕಾಣ್ತಿಲ್ಲೆ."

"ಆದ್ರೆ ಆನು ಕಣ್ಮುಚ್ಕಂಡು ತೆಗಿತೆ. ಮೊದ್ಲು ನೀನು ನೋಡವು."

ಆ ಬೆಣಕ್ಕೆ ಎಷ್ಟು ವರ್ಷ ದನ ಹೊಡೆದೆ, ಹುಲ್ಲು ಹೊತ್ತೆ. ಸೂರ್ಯ ಹುಟ್ಟುವುದನ್ನು ಕೂತು ನೋಡಿದ್ದು ಒಂದು ದಿನವೂ ಇಲ್ಲ. ನೋಡುವ ಹೊತ್ತಿಗೆ ಸರಿಯಾಗಿ ಕೊಟ್ಟಿಗೆ ಕೆಲಸ.

ಅಷ್ಟರಲ್ಲಿ ಕೆಳಗಿನಿಂದ ಉಸಿರು ಬಿಡುತ್ತಾ ಅತ್ತಿಗೆ ಬಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಟೆಂಟನ್ನು ಒಂದು ಸುತ್ತು ಬಂದು, ಬೆರಳಿನಿಂದ ತಿವಿದು ನೋಡಿದಳು.

"ಎಂತದೇ ಇದು, ಕೋಳಿಗೂಡನೇ?"

ಎಲ್ಲರೂ ನಕ್ಕೆವು. ಅವಳು ನಗಲಿಲ್ಲ.

"ನಗ್ಯಾಡಡ. ಹಲಸಿನಕಾಯಿ ಹಪ್ಪಳ ಕರದ್ದೆ, ಬಾಳೆಯೆಲೆ ಕೊಯ್ಸಿದ್ದೆ. ಏಳಿ."

"ಊಟ ಮಾಡ್ಕಂಡು ವಾಪಸು ಬತ್ಯ ಅತ್ತಿಗೆ," ಎಂದೆ.

"ವಾಪಸು ಬಪ್ಪದಾ? ಯಂಗ ಬಾಗ್ಲು ಹಾಕ್ಯಂಡಿದ್ವನೆ? ತವರುಮನೆ ಮಗಳು ಬಂದು ಬೆಣದಲ್ಲಿ ಮಲಗಿತ್ತು ಹೇಳಿ ನಾಳೆ ಯಾರಾರೂ ಕೇಳಿದ್ರೆ ಆನೆಂತ ಹೇಳವು? ಅತ್ತಿಗೆ ಹೊರಗೆ ಹಾಕ್ದ ಹೇಳ್ತ ಊರವ್ವು!"

ಊಟಕ್ಕೆ ಇಳಿದೆವು. ಹೊಟ್ಟೆ ಬಿರಿಯುವ ಹಾಗೆ ಬಡಿಸಿದಳು. ಕೈ ತೊಳೆದು ಬರುವಷ್ಟರಲ್ಲಿ ಪಡಸಾಲೆಯಲ್ಲಿ ಸಾಲಾಗಿ ಹಾಸಿಗೆ ಹಾಸಿ ಆಗಿತ್ತು. ಅಣ್ಣ ಕಂಬಳಿ ತಂದು ಇಟ್ಟ. ಅವನಿಗೆ ಏಳುವುದೇ ಕಷ್ಟ, ಆದರೂ ಅಟ್ಟದಿಂದ ತಾನೇ ಇಳಿಸಿದ್ದನಂತೆ. ಅಳಿಯ ನನ್ನ ಮುಖ ನೋಡಿದ. ತವರಿನವರಿಗೆ ಅವನು ಏನು ಹೇಳಿಯಾನು? ಮೊಮ್ಮಗಳು ನನ್ನ ಸೆರಗು ಜಗ್ಗಿ ಪಿಸುಗುಟ್ಟಿದಳು. "ಹೇಳು ಅಜ್ಜಿ. ನೀನು ಹೇಳ್ತೆ ಅಂದಿದ್ದೆ ಅಲ್ದಾ? ಹೇಳು."

ಹೇಳಬೇಕೆಂದೇ ಬಾಯಿ ತೆರೆದೆ. ಅತ್ತಿಗೆ ಎದುರಿಗೆ ತಲೆದಿಂಬಿಗೆ ಹೊಸ ಗವುಸು ಹಾಕುತ್ತಿದ್ದಳು. "ಅಡ್ಡಿಲ್ಲೆ ಅತ್ತಿಗೆ, ಇಲ್ಲೇ ಮಲಗ್ತ್ಯ," ಎಂದಿತು ನನ್ನ ಬಾಯಿ.

ಮಗು ಅಳಲಿಲ್ಲ. ಅತ್ತಿದ್ದರೆ ಚಲೋ ಇತ್ತು. ಗೋಡೆ ಕಡೆ ತಿರುಗಿ ಮಲಗಿದಳು.

ಬೆಳಗ್ಗೆ ಎದ್ದವರಿಗೆ ಚಹಾ, ಚಹಾದ ಹಿಂದೆ ತೆಳ್ಳಗಿನ ದೋಸೆ ತೆಳ್ಳೇವು, ಅದಕ್ಕೆ ಜೋನಿಬೆಲ್ಲ ತುಪ್ಪ. ಎಲ್ಲ ಮುಗಿಸಿ ಬೆಣ ಹತ್ತುವಾಗ ಬಿಸಿಲು ಬೆನ್ನಿಗೆ ಚುರುಗುಟ್ಟುತ್ತಿತ್ತು. ಟೆಂಟಿನ ಹೊರಮೈಯಲ್ಲಿ ಇಬ್ಬನಿ ಇನ್ನೂ ಪೂರ್ತಿ ಆರಿರಲಿಲ್ಲ. ಮೊಮ್ಮಗಳು ಜಿಪ್ಪು ಎಳೆದಳು. ಒಳಗೆ ನಾನು ಹಾಸಿದ ಬಿಳಿ ಚಾದರ, ಹಾಸಿದ ಹಾಗೇ ಇತ್ತು. ಒಂದು ಸುಕ್ಕಿಲ್ಲ. ಎಷ್ಟೋ ಹಾಸಿಗೆ ಮಡಿಸಿದ್ದೇನೆ ಜೀವನದಲ್ಲಿ. ಆ ಚಾದರ ಮಡಿಸಿದಷ್ಟು ಬೇಜಾರು ಯಾವುದರಲ್ಲೂ ಆಗಲಿಲ್ಲ.

"ಇನ್ನೊಂದ್ಸಲ ಹೋಪನ ಕೂಸೆ," ಎಂದೆ. ಅವಳು ಗೂಟ ಕೀಳುತ್ತಾ "ಹ್ಞೂಂ" ಎಂದಳು. ಆಮೇಲೆ ಅಳಿಯನಿಗೆ ಸೀಸನ್ನು, ಮಗಳಿಗೆ ಬೆನ್ನುನೋವು, ನನ್ನ ಮಂಡಿ ಬಗ್ಗುವುದನ್ನೇ ಬಿಟ್ಟಿತು. ಟೆಂಟಿನ ಬಾಗಿಲು ಮನುಷ್ಯರ ಸೊಂಟದಷ್ಟೂ ಎತ್ತರ ಇಲ್ಲವಲ್ಲ. ಟೆಂಪೋದ ಹಲಗೆ ಕಿತ್ತು ಮತ್ತೆ ಸೀಟು ಕೂರಿಸಿದ್ದಾಯಿತು.

ಈ ವರ್ಷ ಮೊಮ್ಮಗಳು ಶಾಲೆಯ ಗೆಳತಿಯರ ಜೊತೆ, ಟೀಚರರ ಜೊತೆ ಸಿದ್ದಾಪುರದ ಕಡೆಯ ಗುಡ್ಡಕ್ಕೆ ಟೆಂಟು ಹಾಕಲು ಹೋಗಿಬಂದಳು. ನನ್ನ ಹೆಗಲಿನವರೆಗೆ ಬಂದಿದ್ದಾಳೆ ಈಗ. ಚಪ್ಪಲಿ ಬಿಡುತ್ತಲೇ ಹೇಳತೊಡಗಿದಳು, ನಾನು ಬಾಯಿಬಿಟ್ಟುಕೊಂಡು ಕೇಳಿದೆ.

"ಆ ಗುಡ್ಡದ ಕೆಳಗಿನ ಮನೆಯ ಅಮ್ಮ ಬಂದು ಆಸರಿಗೆ ಕರದ. ಬೇರೆಯವ್ವು ಬ್ಯಾಡ ಅಂದ. ಆನು ಟೀಚರ ಕೇಳ್ಕಂಡು ಹೋಗಿ ಕುಡ್ಕಂಡು ಬಂದೆ."

ಹೋದಳಲ್ಲ, ಬೇಡ ಅನ್ನಲಿಲ್ಲವಲ್ಲ! ನನಗೆ ಅವಳ ಕೆನ್ನೆ ಹಿಂಡುವಷ್ಟು ಖುಷಿ. "ರಾತ್ರಿ ಇಲ್ಲೇ ಉಳಿ ಹೇಳಿದ್ದಿಲ್ಯ?"

"ಹೇಳ್ದ. 'ನನ್ನ ಟೆಂಟ್ ಅಲ್ಲಿದ್ದು' ಹೇಳ್ದೆ."

"ಸಿಟ್ಟು ಬಂತನೆ ಅವಕ್ಕೆ?"

"ಸಿಟ್ಟೆಂತಕ್ಕೆ ಬತ್ತು? ಒಂದು ಚಿಪ್ಪು ಬಾಳೆಹಣ್ಣು ಕೊಟ್ಟು ಕಳಿಸ್ದ."

"ಸೂರ್ಯ ಕಂಡನಾ?"

"ಕಂಡ," ಎಂದಳು. ಸ್ವಲ್ಪ ಹೊತ್ತು ಚೀಲದೊಳಗೆ ಏನೋ ಹುಡುಕಿದಳು. "ಜಿಪ್ಪು ಆನೇ ತೆಗೆದೆ. ಕಣ್ಣು ಮುಚ್ಕಂಡಿದ್ದಿಲ್ಲೆ."

ಸಂಜೆ ಪಾತ್ರೆ ತೊಳೆಯುವಾಗ ಅವಳ ಆ ಮಾತನ್ನು ನನ್ನ ಬಾಯಲ್ಲಿ ಆಡಿ ನೋಡಿದೆ. ನನ್ನ ಟೆಂಟ್ ಅಲ್ಲಿದ್ದು. ಮತ್ತೊಮ್ಮೆ, ಸ್ವಲ್ಪ ಗಟ್ಟಿಯಾಗಿ, ಅತ್ತಿಗೆ ಎದುರಿಗೆ ಗವುಸು ಹಿಡಿದು ನಿಂತಿದ್ದಾಳೆ ಎಂದುಕೊಂಡು. ನನ್ನ ಟೆಂಟ್ ಅಲ್ಲಿದ್ದು ಅತ್ತಿಗೆ. ಎಷ್ಟು ಸಲೀಸು.

ಒಳಗಿನಿಂದ ಮಗಳು ಕೇಳಿದಳು. "ಎಂತದೇ ಆಯಿ, ಯಾರ ಹತ್ರ ಮಾತಾಡ್ತಾ ಇದ್ದೆ?"

"ಯಾರೂ ಇಲ್ಲೆ," ಎಂದೆ. ನಲ್ಲಿ ತಿರುಗಿಸಿದೆ.